ಕೌಂಟರಿನ ಮುಂದೆ ಮಗಳೇ ನಿಲ್ಲಲಿ

ನಮ್ಮದು ಶಿರಾ ತಾಲ್ಲೂಕು, ಹುಲಿಕುಂಟೆ ಹೋಬಳಿಯ ಒಂದು ಹಳ್ಳಿ. ಖುಷ್ಕಿ ಜಮೀನು, ಕಡಲೆಕಾಯಿ ಹಾಕುತ್ತೇವೆ, ಜೊತೆಗೆ ಒಂದಷ್ಟು ಕುರಿ. ಮಗಳು ಹತ್ತನೇ ಕ್ಲಾಸಿನವರೆಗೆ ಊರಿನಲ್ಲೇ ಕನ್ನಡ ಮೀಡಿಯಂ ಓದಿದಳು, ಪಿಯುಸಿ ಸೈನ್ಸ್ ಶಿರಾದಲ್ಲಿ ಮಾಡಿದಳು. ಈಗ ಸಿಇಟಿಯಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ನಮ್ಮ ಎರಡೂ ಕಡೆಯವರಲ್ಲಿ ಅಷ್ಟು ದೂರ ಓದಲು ಹೋಗುತ್ತಿರುವವಳು ಇವಳೇ ಮೊದಲು. ಮೊದಲು ಮೂರು ವಾರ ಇಂಡಕ್ಷನ್ ಪ್ರೋಗ್ರಾಂ, ಮೊದಲನೇ ದಿನ ತಂದೆ ತಾಯಿ ಬರಬೇಕು ಅಂತ ಕಾಲೇಜಿನಿಂದ ಮೆಸೇಜು ಬಂದಿದೆ. ನಮ್ಮನೆಯವರು, ‘ಮೂರು ವಾರ ಪಾಠ ಮಾಡಲ್ಲವಂತೆ, ಹಾಸ್ಟೆಲ್ ಲಿಸ್ಟೂ ಬಂದಿಲ್ಲ, ಸುಮ್ಮನೆ ಪಿ.ಜಿ.ಗೆ ಯಾಕೆ ದುಡ್ಡು ಸುರೀಬೇಕು, ಪಾಠ ಶುರುವಾದಾಗ ಕಳಿಸಿದರಾಯ್ತು’ ಅನ್ನುತ್ತಾರೆ. ಮಗಳು, ‘ನೀವಿಬ್ಬರೂ ಬರೋದು ಬೇಡ, ಅಣ್ಣ ಬಂದರೆ ಸಾಕು’ ಅಂದಳು. ಅವಳಣ್ಣ ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ. ಆ ಮಾತು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ನಾನು ಏಳನೇ ಕ್ಲಾಸು, ನಮ್ಮನೆಯವರಿಗೆ ರುಜು ಹಾಕಲು ಬರುತ್ತದೆ ಅಷ್ಟೆ. ಅವಳನ್ನು ಹೇಗೆ ತಯಾರು ಮಾಡಿ ಕಳಿಸಬೇಕು? ನಾವು ಹೋಗಬೇಕೋ ಬೇಡವೋ? ದಯವಿಟ್ಟು ಹೆಸರು ಹಾಕಬೇಡಿ.

ಒಬ್ಬ ತಾಯಿ, ಹುಲಿಕುಂಟೆ ಹೋಬಳಿ

ತಾಯಿ, ಮೊದಲ ದಿನವೇ ಕಳಿಸಿ. ನೀವಿಬ್ಬರೂ ಹೋಗಿ, ಹೊಲ, ಕುರಿ ಬಿಟ್ಟು ಇಬ್ಬರೂ ಹೊರಡಲಾಗದಿದ್ದರೆ ಒಬ್ಬರಾದರೂ ಹೋಗಿ. ಅಣ್ಣ ಜೊತೆಗೆ ಬರಲಿ, ನಿಮ್ಮ ಬದಲಿಗೆ ಬೇಡ.

ನಿಮ್ಮ ಯಜಮಾನರ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ. ಮಳೆ ನಂಬಿ ಕಡಲೆಕಾಯಿ ಬಿತ್ತುವವರಿಗೆ ಒಂದು ತಿಂಗಳ ಪಿ.ಜಿ. ಬಾಡಿಗೆ ಎಂದರೆ ಏನೆಂದು ಶಿರಾ, ಪಾವಗಡ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ‘ಪಾಠ ಇಲ್ಲ’ ಎಂದಾಕ್ಷಣ ‘ಕೆಲಸ ಇಲ್ಲ’ ಎಂದು ಅವರು ತಿಳಿದಿರುವುದರಲ್ಲೇ ಎಡವಟ್ಟಿರುವುದು. ಈ ಮೂರು ವಾರಗಳು ಹುಟ್ಟಿಕೊಂಡಿದ್ದೇ ನಿಮ್ಮ ಮಗಳಂಥವರಿಗಾಗಿ. ಮೊದಲೆಲ್ಲ ಇಂಜಿನಿಯರಿಂಗ್ ಸೇರಿದ ಮಾರನೇ ದಿನವೇ ಗಣಿತದ ತರಗತಿ ಶುರುವಾಗಿಬಿಡುತ್ತಿತ್ತು. ಪೇಟೆಯ ದೊಡ್ಡ ಶಾಲೆಯಿಂದ ಬಂದವರು ಮುಂದಿನ ಬೆಂಚಿನಲ್ಲಿ ಕೈ ಎತ್ತುತ್ತಿದ್ದರು, ಹೋಬಳಿ ಶಾಲೆಯಿಂದ ಬಂದವರು ಹಿಂದಿನ ಬೆಂಚಿನಲ್ಲಿ ಮುದುರಿ ಕೂತಿರುತ್ತಿದ್ದರು, ಕೆಲವರು ಕೊನೆಯ ವರ್ಷದವರೆಗೂ ಅಲ್ಲೇ. ಗಾಂಧಿನಗರದ ಐಐಟಿ 2011ರಲ್ಲಿ ಹೊಸ ಮಕ್ಕಳಿಗಾಗಿ ಐದು ವಾರಗಳ ಕಾರ್ಯಕ್ರಮವೊಂದನ್ನು ಶುರುಮಾಡಿತು. ಅಂಥ ಪ್ರಯೋಗಗಳ ಬೆನ್ನಿಗೆ ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ 2017ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ಮೂರು ವಾರಗಳ ಇಂಡಕ್ಷನ್ ನಿಗದಿ ಮಾಡಿತು. ಉಳಿದ ಪದವಿಗಳಿಗೂ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಇದನ್ನೇ ಹೇಳಿತು. ಹಾಗಾಗಿ ನಿಮ್ಮ ಊರಿನ ಬೇರೆ ಮಕ್ಕಳು ತುಮಕೂರಿನಲ್ಲಿ ಬಿಎಸ್ಸಿ, ಬಿಕಾಂ ಸೇರುತ್ತಿದ್ದರೆ ಅವರ ಮನೆಯವರಿಗೂ ಈ ಮಾತು ಮುಟ್ಟಿಸಿ.

ಈ ವಾರಗಳಲ್ಲಿ ಬೆಳಿಗ್ಗೆ ವ್ಯಾಯಾಮ, ಆಟ, ಆಮೇಲೆ ಹಾಡು, ಚಿತ್ರ, ನಾಟಕ, ಓದು, ಇಂಗ್ಲಿಷ್ ಮತ್ತು ಕಂಪ್ಯೂಟರಿನಲ್ಲಿ ಹಿಂದುಳಿದವರಿಗೆ ಸ್ವಲ್ಪ ಅಭ್ಯಾಸ, ವಿಭಾಗಗಳ ಪರಿಚಯ, ಸುತ್ತಲಿನ ಜಾಗಗಳಿಗೆ ಭೇಟಿ ಇರುತ್ತದೆ. ಇವುಗಳಿಗಿಂತ ಮುಖ್ಯವಾದದ್ದು ಒಂದಿದೆ. ಸುಮಾರು ಇಪ್ಪತ್ತು ಮಕ್ಕಳಿಗೆ ಒಬ್ಬ ಅಧ್ಯಾಪಕರನ್ನು ಗೊತ್ತುಮಾಡಬೇಕು ಎನ್ನುತ್ತದೆ ಎಐಸಿಟಿಇ ಕ್ರಮ. ಅವರನ್ನು ‘ಮೆಂಟರ್’ ಎಂದು ಕರೆಯುತ್ತಾರೆ. ಕಾಲೇಜಿನಲ್ಲಿ ಏನೇ ತೊಡಕಾದರೂ ನಿಮ್ಮ ಮಗಳು ಮೊದಲು ಹೋಗಿ ನಿಲ್ಲಬೇಕಾದದ್ದು ಈ ಮೆಂಟರ್ ಮುಂದೆ. ಮೂರು ವಾರ ತಡವಾಗಿ ಹೋದರೆ ಅಷ್ಟರಲ್ಲಿ ಆ ಇಪ್ಪತ್ತು ಮಕ್ಕಳು ಜೊತೆಗೆ ಉಂಡು, ನಕ್ಕು, ಜಗಳವಾಡಿ ಒಂದಾಗಿರುತ್ತಾರೆ. ಹಾಸ್ಟೆಲಿನಲ್ಲಿ ಯಾರ ರೂಮಿಗೆ ಯಾರು ಎನ್ನುವುದು ತೀರ್ಮಾನವಾಗಿರುತ್ತದೆ. ಫಿಸಿಕ್ಸ್ ಸೈಕಲ್ಲೋ ಕೆಮಿಸ್ಟ್ರಿ ಸೈಕಲ್ಲೋ, ಲ್ಯಾಬಿನಲ್ಲಿ ಯಾವ ಬ್ಯಾಚು, ಎಲ್ಲವೂ ಉಳಿದವರಿಗೆ ಗೊತ್ತಿರುತ್ತದೆ, ಇವಳೊಬ್ಬಳಿಗೆ ಗೊತ್ತಿರುವುದಿಲ್ಲ. ಅದರ ಮೇಲೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜುಗಳಲ್ಲಿ ಶೇ. 85ರಷ್ಟು ಹಾಜರಿ ಬೇಕು. ಪಾಠ ಶುರುವಾದ ಮೇಲೆ ಜಾಗ ಹುಡುಕಿಕೊಂಡು, ದಾರಿ ಕಲಿತುಕೊಂಡು ಕೂರಲು ಬಿಡುವೆಲ್ಲಿ?

ಒಂದು ಮಾತು ಒಪ್ಪಿಕೊಳ್ಳಬೇಕು. ಎಲ್ಲ ಕಾಲೇಜುಗಳೂ ಇದನ್ನು ನೆಟ್ಟಗೆ ಮಾಡುವುದಿಲ್ಲ. ಕೆಲವರು ವೇದಿಕೆ ಹಾಕಿ, ಅತಿಥಿಗಳಿಗೆ ಶಾಲು ಹೊದಿಸಿ, ‘ನಮ್ಮಲ್ಲಿ ಇಂತಿಷ್ಟು ಲಕ್ಷದ ಪ್ಯಾಕೇಜು’ ಎಂದು ಪರದೆಯ ಮೇಲೆ ತೋರಿಸಿ, ನಾಲ್ಕೇ ದಿನದಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತಾರೆ. ಭಾಷಣ ಬೇಸರ ತಂದರೆ ನಿಮ್ಮ ಮಗಳು ಆಕಳಿಸಲಿ, ಪರವಾಗಿಲ್ಲ. ಪಕ್ಕದಲ್ಲಿ ಆಕಳಿಸುತ್ತಿರುವವಳು ಯಾರು, ಎಲ್ಲಿಯವಳು ಎಂದು ಕೇಳಿಕೊಂಡರೂ ಆ ದಿನದ ಕೆಲಸ ಆದ ಹಾಗೆ.

ಇನ್ನು ನಿಮ್ಮ ಮನಸ್ಸು ನೋಯಿಸಿದ ಮಾತು. ‘ನಾವು ಓದಿಲ್ಲ ಅಂತ ನಿನಗೆ ನಾಚಿಕೆಯಾ?’ ಎಂದು ಅವಳನ್ನು ಕೇಳಿಬಿಟ್ಟಿದ್ದರೆ ಕೇಳಿದ್ದಾಯಿತು, ಮತ್ತೆ ಕೆದಕಬೇಡಿ. ಕೇಳಿಲ್ಲದಿದ್ದರೆ ಕೇಳಲೇಬೇಡಿ. ಹದಿನೆಂಟರ ಹುಡುಗಿ, ಗುರುತಿಲ್ಲದ ನೂರಾರು ಜನರ ನಡುವೆ ಹೋಗಿ ನಿಲ್ಲಬೇಕು. ಅಲ್ಲಿ ತನ್ನನ್ನು ಯಾರಾದರೂ ಅಳೆದು ನೋಡುತ್ತಾರೆ ಎಂಬ ದಿಗಿಲು ಅವಳಿಗೆ. ನಿಮ್ಮನ್ನು ಮನೆಯಲ್ಲಿ ಬಿಟ್ಟುಹೋದರೆ ಅಳೆಯಲು ಸಿಗುವ ಜಾಗ ಅಷ್ಟು ಕಡಿಮೆಯಾಗುತ್ತದೆಂದು ಅವಳ ಎಣಿಕೆ. ಆ ಸಭಾಂಗಣದಲ್ಲಿ ಯಾರ್ಯಾರು ಕೂತಿರುತ್ತಾರೆಂದು ಅವಳಿಗೆ ಗೊತ್ತಿಲ್ಲ. ಸಿಇಟಿ ಸೀಟುಗಳಲ್ಲಿ ಶೇ. 15 ಗ್ರಾಮೀಣ ಮಕ್ಕಳಿಗೆ, ಶೇ. 5 ಕನ್ನಡ ಮಾಧ್ಯಮದವರಿಗೆ ಮೀಸಲು. ಪಂಚೆ ಉಟ್ಟ ತಂದೆಯರು, ರಾಗಿ ಹೊಲದಿಂದ ನೆಟ್ಟಗೆ ಎದ್ದು ಬಂದ ತಾಯಂದಿರು ಅಲ್ಲಿ ಇದ್ದೇ ಇರುತ್ತಾರೆ.

ಅವಳೊಂದಿಗೆ ವಾದ ಮಾಡುವ ಬದಲು ಒಂದು ಕೆಲಸ ಒಪ್ಪಿಸಿ. ‘ನಾವು ಬರುತ್ತೇವೆ. ಆದರೆ ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಕೂರಬೇಕು, ನೀನು ಒಳಗಿರುವಾಗ ನಾವು ಎಲ್ಲಿ ಕಾಯಬೇಕು, ಎಲ್ಲ ನೀನೇ ಹೇಳು’ ಎನ್ನಿ. ಯಾವ ಸೀರೆ ಎಂದು ಅವಳು ಆರಿಸಿದರೆ ಅದನ್ನೇ ಉಡಿ, ಅಷ್ಟಕ್ಕೆಲ್ಲ ಬೇಸರ ಪಟ್ಟುಕೊಳ್ಳಬೇಡಿ. ಪಾಲಕರ ಸಭೆಯಲ್ಲಿ ಕನ್ನಡದಲ್ಲೇ ಕೇಳಿ. ಕರ್ನಾಟಕದ ಕಾಲೇಜು, ಉತ್ತರ ಕೊಡುವವರು ಇದ್ದೇ ಇರುತ್ತಾರೆ. ಮಗಳ ಮೆಂಟರ್ ಹೆಸರು, ಫೋನ್ ನಂಬರು. ಹಾಸ್ಟೆಲ್ ವಾರ್ಡನ್ ನಂಬರು. ವಿದ್ಯಾರ್ಥಿವೇತನ ಬರುವವರೆಗೆ ಫೀಸಿನಲ್ಲಿ ಎಷ್ಟು ಕಟ್ಟಬೇಕು, ಎಷ್ಟಕ್ಕೆ ಕಾಯುತ್ತಾರೆ. ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು. ಯಜಮಾನರು ಹೋದರೆ ಈ ಪ್ರಶ್ನೆಗಳನ್ನು ಅವರೇ ಕೇಳಲಿ. ಸಂಜೆ ಬಸ್ಸಿಗೆ ಹೊರಟುಬಿಡಿ. ‘ಇನ್ನೊಂದು ದಿನ ಇದ್ದು ನೋಡಿಕೊಂಡು ಹೋಗೋಣ’ ಎಂದು ನೆಂಟರ ಮನೆಯಲ್ಲಿ ಉಳಿಯುವುದರಿಂದ ಅವಳ ಎರಡನೇ ದಿನ ಕೆಡುತ್ತದೆ.

ಈಗ ತಯಾರಿಗೆ ಬರೋಣ. ಟ್ರಂಕು, ಹಾಸಿಗೆ, ಬಕೆಟ್ಟು, ಬೀಗ ಎಲ್ಲ ನಿಮಗೇ ಗೊತ್ತು, ಬಿಡಿ. ಲ್ಯಾಪ್‌ಟಾಪಿಗೆ ಈಗಲೇ ಸಾಲ ಮಾಡಬೇಡಿ. ಮೊದಲ ಸೆಮಿಸ್ಟರು ಕಾಲೇಜಿನ ಲ್ಯಾಬಿನಲ್ಲಿ ನಡೆಯುತ್ತದೆ. ನಿಜವಾದ ತಯಾರಿ ಬೇರೆ ಕಡೆ ಇದೆ, ಅದಕ್ಕೆ ಕಾಸು ಬೇಡ.

ಶಿರಾದ ಯಾವುದಾದರೂ ಬ್ಯಾಂಕಿನಲ್ಲೋ ಹೋಬಳಿಯ ನಾಡಕಚೇರಿಯಲ್ಲೋ ಒಂದು ಗಳಿಗೆ ನಿಂತು ನೋಡಿ. ಅಪ್ಪ ಕಿಟಕಿಯ ಹತ್ತಿರ ಬಗ್ಗಿ ನಿಂತಿರುತ್ತಾನೆ. ಎರಡು ಹೆಜ್ಜೆ ಹಿಂದೆ ಮಗಳು, ಪ್ಲಾಸ್ಟಿಕ್ ಫೈಲನ್ನು ಎದೆಗೆ ಒತ್ತಿಕೊಂಡು. ಒಳಗಿರುವವರು ಅವಳನ್ನೇ ನೋಡಿ ‘ಏನಮ್ಮಾ ನಿನ್ನ ಹೆಸರು?’ ಎನ್ನುತ್ತಾರೆ. ಉತ್ತರ ಅಪ್ಪನಿಂದ ಬರುತ್ತದೆ. ಹುಟ್ಟಿದ ತಾರೀಕು ಕೇಳಿದರೆ ಅಪ್ಪ ಹಿಂದೆ ತಿರುಗುತ್ತಾನೆ, ಅವಳು ಮೆಲ್ಲಗೆ ಅಪ್ಪನಿಗೆ ಹೇಳುತ್ತಾಳೆ, ಅಪ್ಪ ಅದನ್ನು ಜೋರಾಗಿ ಕಿಟಕಿಯೊಳಕ್ಕೆ ಹೇಳುತ್ತಾನೆ. ಸಿಇಟಿಯಲ್ಲಿ ರ‍್ಯಾಂಕ್ ತೆಗೆದ ಹುಡುಗಿ ಅವಳು! ತಂದೆಯರು ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ, ಹೆಣ್ಣುಮಗಳು ಯಾಕೆ ಕಚೇರಿ ಅಲೆಯಬೇಕು ಎಂದು. ಆದರೆ ಇಂಡಕ್ಷನ್ ಎಂದರೆ ಮೂರು ವಾರ ಬರೀ ಕೇಳುವ ಕೆಲಸ: ಐಡಿ ಕಾರ್ಡು ಎಲ್ಲಿ ಕೊಡುತ್ತಾರೆ, ನನ್ನ ಹೆಸರು ಪಟ್ಟಿಯಲ್ಲಿ ಯಾಕಿಲ್ಲ, ಈ ರೂಮು ಯಾವ ಕಡೆ, ನಾನು ಇಲ್ಲಿ ಕೂರಬಹುದಾ. ಅಲ್ಲಿ ಕಿಟಕಿಗೂ ಅವಳಿಗೂ ನಡುವೆ ಅಪ್ಪ ಇರುವುದಿಲ್ಲ.

ಆದ್ದರಿಂದ ನಾಳೆಯಿಂದ ಅವಳ ಕಾಗದ ಪತ್ರದ ಕೆಲಸವೆಲ್ಲ ಅವಳದೇ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸರಿಯಿದೆಯೇ, ಅವಧಿ ಮುಗಿದಿದೆಯೇ ಎಂದು ನಾಡಕಚೇರಿಯಲ್ಲಿ ಅವಳೇ ವಿಚಾರಿಸಲಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅವಳೇ ಅರ್ಜಿ ತುಂಬಲಿ. ಸೈಬರ್ ಸೆಂಟರಿನವರು ತುಂಬುವುದಾದರೂ ಪಾಸ್‌ವರ್ಡ್ ಇವಳ ಬಳಿ ಇರಲಿ, ಫೋನ್ ನಂಬರು ಇವಳದೇ ಕೊಡಲಿ. ಆ ಹಣ ಬೀಳುವುದು ಆಧಾರ್ ಜೋಡಣೆಯಾದ ಅವಳ ಸ್ವಂತ ಖಾತೆಗೆ. ಗೃಹಲಕ್ಷ್ಮಿ ದುಡ್ಡಿಗಾಗಿ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ’ ಎಂದು ನಿಮ್ಮೂರಿನಲ್ಲೂ ಯಾರಾದರೂ ಬ್ಯಾಂಕಿಗೆ ಅಲೆದಿರುತ್ತಾರೆ, ಅದೇ ಕಥೆ ಇಲ್ಲಿಯೂ. ಬ್ಯಾಂಕಿಗೆ ಅವಳು ಒಳಗೆ ಹೋಗಲಿ, ನೀವು ಹೊರಗೆ ಮರದ ನೆರಳಲ್ಲಿ ಕೂತಿರಿ. ಒಂದು ಸಲ ಸೀಲು ಹಾಕಿಸದೆ ಬಂದಾಳು, ಇನ್ನೊಂದು ಸಲ ಯಾರೋ ಗದರಿಸಿ ಕಳಿಸಿಯಾರು. ‘ಅಯ್ಯೋ ನಾನೇ ಹೋಗಿದ್ದರೆ ಆಗ್ತಿತ್ತು’ ಎನ್ನದೆ ಮತ್ತೆ ಕಳಿಸಿ. ಯಜಮಾನರಿಗೆ ಇದು ನುಂಗಲಾರದ ತುತ್ತಾಗಬಹುದು. ಕೆಲಸ ಎರಡು ದಿನ ತಡವಾದರೂ ಚಿಂತೆಯಿಲ್ಲ ಎಂದು ಅವರಿಗೆ ಮೊದಲೇ ಹೇಳಿಟ್ಟಿರಿ.

ಮೂಲ ದಾಖಲೆಗಳ ಬಗ್ಗೆ ಎಚ್ಚರ. ಅಂಕಪಟ್ಟಿ, ವರ್ಗಾವಣೆ ಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ, ಎಲ್ಲದರ ಜೆರಾಕ್ಸ್ ಮೂರ್ನಾಲ್ಕು ಸೆಟ್ ಇರಲಿ, ಫೋನಿನಲ್ಲಿ ಫೋಟೊ ಇರಲಿ. ಕಾಲೇಜಿನವರು ಮೂಲ ಪ್ರತಿ ತೆಗೆದಿಟ್ಟುಕೊಂಡರೆ ಏನೇನು ಪಡೆದರೆಂದು ಸಹಿ ಹಾಕಿದ ರಸೀದಿ ಕೇಳಿ ಪಡೆಯಲಿ. ಇದನ್ನೂ ಅವಳೇ ಕೇಳಲಿ.

ಕಾಲೇಜು ಶುರುವಾಗುವ ಮುಂಚೆ ಒಂದು ದಿನ ನೀವೂ ಮಗಳೂ ಇಬ್ಬರೇ ಬೆಂಗಳೂರಿಗೆ ಹೋಗಿಬನ್ನಿ. ಶಿರಾದಿಂದ 120 ಕಿಲೋಮೀಟರ್ ಆಸುಪಾಸು, ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನಿಮ್ಮಿಬ್ಬರಿಗೂ ಚಾರ್ಜು ಇಲ್ಲ, ಆಧಾರ್ ಮರೆಯಬೇಡಿ. ದಾರಿ ಅವಳೇ ತೋರಿಸಬೇಕು. ಮೆಜೆಸ್ಟಿಕ್‌ವರೆಗೆ ಟ್ರಾಫಿಕ್ಕಿನಲ್ಲಿ ಕೂರುವ ಬದಲು ತುಮಕೂರು ರಸ್ತೆಯಲ್ಲೇ ದಾಸರಹಳ್ಳಿಯಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಹಸಿರು ಮಾರ್ಗದ ಮೆಟ್ರೋ ಹತ್ತಬಹುದು. ಮೆಟ್ರೋಗೆ ಟಿಕೆಟ್ ಉಂಟು, ಅದನ್ನು ಅವಳೇ ಯಂತ್ರದಲ್ಲೋ ಕೌಂಟರಿನಲ್ಲೋ ತೆಗೆಯಲಿ. ದಾರಿ ತಪ್ಪಿದರೆ ತಪ್ಪಲಿ, ನೀವು ಜೊತೆಗಿರುವಾಗ ತಪ್ಪುವುದೇ ಮೇಲು. ಕಾಲೇಜಿನ ಗೇಟು, ಹತ್ತಿರದ ಜೆರಾಕ್ಸ್ ಅಂಗಡಿ, ಔಷಧದ ಅಂಗಡಿ, ಇರಬೇಕಾದ ಹಾಸ್ಟೆಲ್ಲೋ ಪಿ.ಜಿ.ಯೋ, ಅಲ್ಲಿಂದ ಕಾಲೇಜಿಗೆ ನಡೆದರೆ ಎಷ್ಟು ಹೊತ್ತು, ಇಷ್ಟು ನೋಡಿಕೊಂಡು ಸಂಜೆ ವಾಪಸ್ಸು. ಮೊದಲ ದಿನದ ದಿಗಿಲಿನಲ್ಲಿ ಅರ್ಧ ಅಲ್ಲೇ ಇಳಿಯುತ್ತದೆ.

ಹಾಸ್ಟೆಲ್ ಪಟ್ಟಿಯ ಚಿಂತೆ ಖರೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲುಗಳ ಆಯ್ಕೆ, ಕಾಲೇಜು ಶುರುವಾದ ಮೇಲೆ ಪ್ರಕಟವಾಗುವುದು ಹೊಸದೇನಲ್ಲ. ಇದು ಸರ್ಕಾರ ಸರಿಪಡಿಸಬೇಕಾದ ಕೆಲಸ. ಅದರ ದಂಡ ತೆರುವವರು ಮಾತ್ರ ನೀವು. ಅರ್ಜಿ ಹಾಕಿದ್ದರೆ ಅರ್ಜಿ ಸಂಖ್ಯೆ ಹಿಡಿದುಕೊಂಡು ಬೆಂಗಳೂರಿನ ಆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ತಿಂಗಳ ಲೆಕ್ಕದ ಪಿ.ಜಿ. ನೋಡಿ. ಮೂರು ತಿಂಗಳ ಅಡ್ವಾನ್ಸ್ ಕೇಳಿ, ನಡುವೆ ಬಿಟ್ಟರೆ ಹಿಂದಿರುಗಿಸುವುದಿಲ್ಲ ಎನ್ನುವ ಕಡೆ ಸೇರಿಸಬೇಡಿ. ಕಾಲೇಜಿನದೇ ಹಾಸ್ಟೆಲಿನಲ್ಲಿ ಒಂದು ತಿಂಗಳ ಮಟ್ಟಿಗೆ ಜಾಗ ಕೊಡುತ್ತಾರೆಯೇ ಎಂದು ಕೇಳಬಹುದು. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದೇ ಹೋದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆ ತಿಂಗಳ ನೆರವಿದೆ. ಮೊದಲ ತಿಂಗಳ ಆ ಖರ್ಚನ್ನು ಫೀಸಿನ ಭಾಗವೆಂದೇ ಯಜಮಾನರು ಎಣಿಸಿಕೊಳ್ಳಲಿ.

ಇಂಗ್ಲಿಷ್. ನೀವು ಕಾಗದದಲ್ಲಿ ಕೇಳದಿದ್ದರೂ ಮನೆಯಲ್ಲಿ ಆಡಿಕೊಂಡಿರುತ್ತೀರಿ. ಎರಡು ವರ್ಷ ಪಿಯುಸಿ ಸೈನ್ಸ್ ಓದಿ ಬಂದವಳಿಗೆ ಪುಸ್ತಕದ ಇಂಗ್ಲಿಷ್ ಅಷ್ಟಿಷ್ಟು ಬರುತ್ತದೆ. ತೊಡಕಾಗುವುದು ವೇಗವಾಗಿ ಆಡಿದ್ದು ಕಿವಿಗೆ ಹಿಡಿಯದಿರುವುದು, ಮತ್ತು ಮೊದಲ ದಿನ ಎದ್ದು ನಿಂತು ಪರಿಚಯ ಹೇಳಿಕೊಳ್ಳುವುದು. ಹದಿನೈದು ದಿನದ ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ದುಡ್ಡು ಕಟ್ಟಬೇಡಿ. ದಿನವೂ ರಾತ್ರಿ ಊಟದ ಹೊತ್ತಿಗೆ ಅವಳು ನಿಮ್ಮೆದುರು ನಿಂತು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಲಿ. ಹೆಸರು, ಊರು, ಆ ಊರು ಎಲ್ಲಿದೆ, ತನಗೇನು ಇಷ್ಟ. ‘ಹುಲಿಕುಂಟೆಯಾ, ಎಲ್ಲಿದೆ ಅದು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ತಡವರಿಸದೆ ಹೇಳುವ ಹಾಗಿರಲಿ. ಇನ್ನೊಂದು ಮಾತು ಅವಳ ನಾಲಿಗೆ ತುದಿಯಲ್ಲಿರಬೇಕು: ‘ಸರ್, ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ.’ ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಅಣ್ಣನೋ ಪಿಯು ಲೆಕ್ಚರರೋ ಹೇಳಿಕೊಟ್ಟಾರು. ಅಂದಹಾಗೆ, ವಿಟಿಯುವಿನಲ್ಲಿ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’ ಎಂಬ ವಿಷಯವಿದೆ. ಹೊರರಾಜ್ಯದ ರೂಮ್‌ಮೇಟಿಗೆ ಇವಳು ಕನ್ನಡ ಹೇಳಿಕೊಡಲಿ, ಇಂಗ್ಲಿಷ್ ತಾನಾಗಿ ಮಾತಿಗೆ ಬರುತ್ತದೆ.

ಪ್ರಶ್ನೆ ಕೇಳುವುದೆಂದರೆ ನನಗೆ ನೆನಪಾಗುವವರು ನಿಮ್ಮ ನೆರೆಯ ಗೌರಿಬಿದನೂರು ಕಡೆಯ ಎಚ್. ನರಸಿಂಹಯ್ಯ. ಹೊಸೂರಿನ ಬಡ ಮನೆಯ ಹುಡುಗ, ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಊರಿನಿಂದ ಕಾಲುನಡಿಗೆಯಲ್ಲೇ ಹೋದವರು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಯಾವುದನ್ನೂ ಕೇಳದೆ ಒಪ್ಪಬೇಡಿ ಎಂದು ಮಕ್ಕಳಿಗೆ ಕೊನೆಯವರೆಗೂ ಹೇಳುತ್ತಿದ್ದರು. ಅವರ ಆತ್ಮಕಥೆ ‘ಹೋರಾಟದ ಹಾದಿ’ ಸಿಕ್ಕರೆ ಹೋಗುವ ಮುಂಚೆ ಮಗಳು ಓದಲಿ.

ರ‍್ಯಾಗಿಂಗ್ ಬಗ್ಗೆ ನೆಂಟರು ಹೆದರಿಸಿರುತ್ತಾರೆ. 2009ರಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯೊಬ್ಬ ರ‍್ಯಾಗಿಂಗಿಗೆ ಬಲಿಯಾದ ವರ್ಷವೇ ಯುಜಿಸಿ ಬಿಗಿ ನಿಯಮ ತಂದಿತು. ಪ್ರತಿ ವರ್ಷ ವಿದ್ಯಾರ್ಥಿಯೂ ಪಾಲಕರೂ ಮುಚ್ಚಳಿಕೆ ಕೊಡಬೇಕು. ನಿಮ್ಮ ಯಜಮಾನರು ರುಜು ಹಾಕುವ ಮುಂಚೆ ಅದರಲ್ಲಿ ಏನಿದೆ ಎಂದು ಮಗಳು ಓದಿ ಕನ್ನಡದಲ್ಲಿ ಹೇಳಲಿ. ದಿನದ ಎಲ್ಲ ಹೊತ್ತಿನಲ್ಲೂ ದೂರು ತೆಗೆದುಕೊಳ್ಳುವ ಉಚಿತ ಸಂಖ್ಯೆ 1800-180-5522 ಅವಳ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ. ಊರು ಕೇಳಿ, ಹಾಡು ಹೇಳಿಸಿ ನಕ್ಕವರೆಲ್ಲ ಕೆಟ್ಟವರಲ್ಲ. ಆದರೆ ಮೈಮುಟ್ಟಿದರೆ, ದುಡ್ಡು ಕೇಳಿದರೆ, ಜಾತಿ ಎತ್ತಿದರೆ, ರಾತ್ರಿ ಕರೆದರೆ ಅದೇ ದಿನ ಹೇಳಬೇಕು, ನಾಳೆಗೆ ಬಿಡಬಾರದು.

ಹೋದ ಮೇಲೆ ಮೊದಲ ವಾರದಲ್ಲೇ ಅಳು ಬರುತ್ತದೆ. ‘ನಾನು ವಾಪಸ್ ಬಂದುಬಿಡ್ತೀನಿ’ ಎಂದು ಫೋನಿನಲ್ಲಿ ಅತ್ತರೆ ನೀವೂ ಅತ್ತು, ಯಜಮಾನರು ಬೆಳಗಿನ ಬಸ್ಸಿಗೆ ಹೊರಟು ನಿಲ್ಲುವುದು ಬೇಡ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿದ್ದು ನಿಮ್ಮಂಥ ಮನೆಗಳಿಗೆ ದೊಡ್ಡ ಆಸರೆ. ಆದರೆ ಅದೇ ಕಾರಣಕ್ಕೆ ಶನಿವಾರ ಮಧ್ಯಾಹ್ನ ಅವಳು ಊರಿಗೆಂದು ಬ್ಯಾಗು ಹೆಗಲಿಗೇರಿಸುವುದೂ ಸಲೀಸಾಗಿದೆ. ಹಾಸ್ಟೆಲಿನಲ್ಲಿ ಗೆಳೆತನ ಬೆಳೆಯುವುದು ಭಾನುವಾರಗಳಲ್ಲಿ, ಒಟ್ಟಿಗೆ ಬಟ್ಟೆ ಒಗೆಯುತ್ತಾ, ತಲೆಗೆ ಎಣ್ಣೆ ಹಚ್ಚುತ್ತಾ. ಮೊದಲ ಮೂರು ಭಾನುವಾರ ಅಲ್ಲೇ ಇರಲಿ ಎಂದು ಈಗಲೇ ಮಾತಾಡಿಕೊಳ್ಳಿ, ನಾಲ್ಕನೆಯದಕ್ಕೆ ಬರಲಿ. ದಿನಕ್ಕೆ ಒಂದು ಹೊತ್ತು ಫೋನು ಸಾಕು. ‘ಊಟ ಆಯ್ತಾ’ ಎಂದು ಕೇಳುವುದನ್ನು ಯಾವ ತಾಯಿಯೂ ಬಿಡಲಾರಳು, ಕೇಳಿ. ಜೊತೆಗೆ ‘ಯಾರ ಜೊತೆ ಊಟ ಮಾಡಿದೆ?’ ಎಂದೂ ಕೇಳಿ. ಎರಡು ವಾರ ಕಳೆದರೂ ‘ಒಬ್ಬಳೇ’ ಎನ್ನುತ್ತಿದ್ದರೆ ಮೆಂಟರಿಗೆ ಫೋನು ಮಾಡಬಹುದು, ಅದರಲ್ಲಿ ಸಂಕೋಚವೇನಿಲ್ಲ. ನಿದ್ದೆ ಬಿಟ್ಟು, ಊಟ ಬಿಟ್ಟು, ತರಗತಿಗೇ ಹೋಗದೆ ರೂಮಿನಲ್ಲಿ ಉಳಿದುಬಿಟ್ಟರೆ ಅಥವಾ ಬದುಕೇ ಬೇಡ ಎನ್ನುವಂಥ ಮಾತು ಬಂದರೆ ಕಾಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಅವಳೂ ಮಾಡಬಹುದು, ನೀವೂ ಮಾಡಬಹುದು. ಅಂಥ ಸಮಯದಲ್ಲಿ ಮಾತ್ರ ಯಜಮಾನರು ಹೊಲ ಬಿಟ್ಟು ಆ ಕ್ಷಣವೇ ಬಸ್ಸು ಹತ್ತಲಿ.